ಸಿಕ್ಸ್ ಬೈ ಸಿಕ್ಸ್ ಅಂದರು, ಸಾಲು ಮಾತ್ರ ನಿಲ್ಲಲಿಲ್ಲ

ಒಂಬತ್ತನೇ ಕ್ಲಾಸಿನಲ್ಲಿ ನಾನು ಪೂರ್ತಿ ಅಂಕ ತೆಗೆದ ಪರೀಕ್ಷೆ ಒಂದೇ ಒಂದು, ಕಣ್ಣಿನ ಪರೀಕ್ಷೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಮ್ಮ ಹೈಸ್ಕೂಲಿಗೂ ಬರುತ್ತದೆ. ತೂಕ, ಎತ್ತರ, ಹಲ್ಲು, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ನಾನು ಒಂಬತ್ತರಲ್ಲಿದ್ದ ವರ್ಷ ಸ್ಟಾಫ್ ರೂಮಿನ ಗೋಡೆಗೆ ಚಾರ್ಟ್ ನೇತುಹಾಕಿ, ಆರು ಮೀಟರ್ ಅಳೆದು, ಚಾಕ್‌ಪೀಸಿನಲ್ಲಿ ಗೆರೆ ಎಳೆದು ನಿಲ್ಲಿಸಿದರು. ಎಡಗಣ್ಣು ಮುಚ್ಚಿ ಓದು, ಬಲಗಣ್ಣು ಮುಚ್ಚಿ ಓದು. ಎರಡರಲ್ಲೂ ಕೊನೆಯ ಸಾಲಿನ ತನಕ ಪಟಪಟ ಓದಿಬಿಟ್ಟೆ. "ಸಿಕ್ಸ್ ಬೈ ಸಿಕ್ಸ್. ನೆಕ್ಸ್ಟ್" ಅಂದರು. ಆರು ಮೀಟರಿನಿಂದ ಕಾಣಬೇಕಾದ್ದು ಪೂರ್ತಿ ಕಾಣುತ್ತೆ ಅಂತ ಅರ್ಥ. ನನ್ನ ಹಿಂದೆ ನಿಂತಿದ್ದ ಗೆಳತಿ, ಕ್ಲಾಸಿಗೇ ಫಸ್ಟ್ ಬರುವವಳು, ನಡುವಿನ ಸಾಲಿಗೇ ತಡವರಿಸಿದಳು. ಅವಳಿಗೆ ಕನ್ನಡಕಕ್ಕೆ ಚೀಟಿ ಬರೆದುಕೊಟ್ಟರು. ನಾನು ವಾಪಸ್ ಬಂದು ನನ್ನ ಕೊನೇ ಬೆಂಚಿನಲ್ಲಿ ಕೂತೆ.

ಕೊನೇ ಬೆಂಚು ನಾನೇ ಆರಿಸಿಕೊಂಡಿದ್ದು. ಅಲ್ಲಿಂದ ಬೋರ್ಡು ನನಗೆ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಕಾಟವೆಲ್ಲ ಡೆಸ್ಕಿನ ಮೇಲಿರುವ ಪುಸ್ತಕದ್ದು.

ಐದು, ಆರನೇ ಕ್ಲಾಸಿನವರೆಗೆ ಹೇಗೋ ನಡೆದುಹೋಗಿತ್ತು. ಅಕ್ಷರ ದಪ್ಪ, ಪಾಠ ಚಿಕ್ಕದು, ಪುಟದ ತುಂಬ ಚಿತ್ರ. ಎಂಟನೇ ಕ್ಲಾಸಿಗೆ ಬಂದಮೇಲೆ ಅಕ್ಷರ ಸಣ್ಣಗಾದವು, ಪಾಠ ಉದ್ದವಾದವು. ಪುಸ್ತಕ ತೆರೆದ ಮೊದಲ ಹತ್ತು ನಿಮಿಷ ಏನೂ ಆಗುತ್ತಿರಲಿಲ್ಲ. ಆಮೇಲೆ ಪ್ರತಿ ಅಕ್ಷರದ ಪಕ್ಕ ಅದರದೇ ಒಂದು ತೆಳುವಾದ ನಕಲು ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ನಕಲು ಇನ್ನಷ್ಟು ಆಚೆ ಸರಿದು ಪಕ್ಕದ ಅಕ್ಷರದ ಮೇಲೆ ಏರುತ್ತಿತ್ತು. ಕೆಳಗಿರುವ ಒತ್ತಕ್ಷರ ಎಡಗಡೆ ಅಕ್ಷರದ್ದೋ ಬಲಗಡೆಯದ್ದೋ ಗೊತ್ತಾಗುತ್ತಿರಲಿಲ್ಲ. ಸಾಲಿನ ಕೊನೆಗೆ ಹೋಗಿ ಮುಂದಿನ ಸಾಲಿಗೆ ಇಳಿಯಬೇಕು ನೋಡಿ, ಅಲ್ಲಿ ಒಂದೋ ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ, ಇಲ್ಲವೇ ಒಂದು ಸಾಲು ಹಾರಿಸುತ್ತಿದ್ದೆ. ಹುಬ್ಬುಗಳ ನಡುವೆ ಎಳೆತ, ಆಮೇಲೆ ತಲೆನೋವು, ಅದರ ಹಿಂದೆಯೇ ನಿದ್ದೆ. ಓದಿದ್ದು ತಲೆಯಲ್ಲಿ ಉಳಿಯುತ್ತಿರಲಿಲ್ಲ. ಅಕ್ಷರ ಹಿಡಿಯುವುದರಲ್ಲೇ ಗಮನವೆಲ್ಲ ಖರ್ಚಾದರೆ ಅರ್ಥಕ್ಕೆ ಏನು ಉಳಿಯುತ್ತದೆ?

ಇದನ್ನೆಲ್ಲ ಯಾಕೆ ಯಾರಿಗೂ ಹೇಳಲಿಲ್ಲ ಅಂತ ಆಮೇಲೆ ಬಹಳ ಜನ ಕೇಳಿದ್ದಾರೆ. ಎಲ್ಲರಿಗೂ ಹೀಗೇ ಆಗುತ್ತದೆ, ಅವರೆಲ್ಲ ತಡೆದುಕೊಂಡು ಓದುತ್ತಾರೆ, ನನಗೆ ಆ ತಾಳ್ಮೆ ಇಲ್ಲ ಅಂತಲೇ ನಾನು ತಿಳಿದಿದ್ದೆ. ಬೇರೆಯವರ ಕಣ್ಣಿನಿಂದ ಪುಟ ಹೇಗೆ ಕಾಣುತ್ತದೆ ಅಂತ ನೋಡಲು ಸಾಧ್ಯವಿದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದೆನೇನೋ.

ನನಗೆ ಗೊತ್ತಿಲ್ಲದೆಯೇ ಒಂದು ಉಪಾಯ ಮಾಡಿಕೊಂಡಿದ್ದೆ. ಎಡಗೈಯನ್ನು ಕೆನ್ನೆಗೆ ಊರಿ, ಅಂಗೈ ಎಡಗಣ್ಣಿನ ಮೇಲೆ ಬರುವ ಹಾಗೆ ತಲೆ ವಾಲಿಸಿ ಕೂತರೆ ಸಾಲುಗಳು ನಿಲ್ಲುತ್ತಿದ್ದವು. ಕ್ಲಾಸಿನಲ್ಲಿ ಹಾಗೆ ಕೂತಾಗಲೆಲ್ಲ "ಏನಮ್ಮ, ರಾತ್ರಿ ನಿದ್ದೆ ಆಗಲಿಲ್ವಾ?" ಅಂತ ಮೇಷ್ಟ್ರು ಕೇಳೋರು. ಕ್ಲಾಸಿಗೆ ಕ್ಲಾಸೇ ನಗೋದು. ಕೈ ತೆಗೆದು ನೆಟ್ಟಗೆ ಕೂರುತ್ತಿದ್ದೆ, ಸಾಲುಗಳು ಮತ್ತೆ ಹೊರಡುತ್ತಿದ್ದವು.

ನಮ್ಮ ಮನೆ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನಾ ಆಳುಗಳ ಹಾಜರಿ ಬರೆದು, ಸಂಬಳದ ದಿನ ಒಂದು ರೂಪಾಯಿ ಹೆಚ್ಚುಕಮ್ಮಿ ಆಗದ ಹಾಗೆ ಲೆಕ್ಕ ಒಪ್ಪಿಸುವ ಮನುಷ್ಯ. ಅಂಥವರ ಮಗಳು ಕೂಡುವ ಲೆಕ್ಕದಲ್ಲಿ ಹತ್ತರ ಸ್ಥಾನದ ಅಂಕಿಯನ್ನು ನೂರರ ಕೆಳಗೆ ಬರೆದರೆ ಹೇಗಾಗಬೇಡ! ಅಪ್ಪ ಹೊಡೆದವರಲ್ಲ. ನೋಟ್‌ಬುಕ್ ನೋಡಿ ಮುಚ್ಚಿ, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಎರಡೇಟು ಹಾಕಿದ್ದರೇ ವಾಸಿ ಅನ್ನಿಸುತ್ತಿತ್ತು.

ಬಾಯಿಪಾಠದಲ್ಲಿ ನಾನು ಮುಂದು. ಗೆಳತಿ ಜೋರಾಗಿ ಓದಿಕೊಳ್ಳುವಾಗ ಪಕ್ಕದಲ್ಲಿ ಕೂತು ಕೇಳಿದರೆ ಸಮಾಜ ವಿಜ್ಞಾನದ ಪಾಠ ಒಂದೇ ಸಲಕ್ಕೆ ತಲೆಗೆ ಹೋಗುತ್ತಿತ್ತು. ಇದರಿಂದ ನನ್ನ ಹಣೆಬರಹ ಇನ್ನೂ ಕೆಟ್ಟಿತು. "ಕೇಳಿದರೆ ಉತ್ತರ ಹೇಳ್ತಾಳೆ, ಓದಿ ಬರೆಯೋಕೆ ಸೋಮಾರಿತನ" ಅಂತ ಪೋಷಕರ ಸಭೆಯಲ್ಲಿ ಅಮ್ಮನ ಎದುರೇ ಅಂದರು. ದಡ್ಡಿ ಅಂದಿದ್ದರೆ ಕನಿಕರವಾದರೂ ಸಿಗುತ್ತಿತ್ತು. ಸೋಮಾರಿಗೆ ಏನು ಸಿಗುತ್ತದೆ?

ಎಂಟನೇ ಕ್ಲಾಸಿನ ಕೊನೆಗೆ ಬೆಳಿಗ್ಗೆ ಏಳುವಾಗಲೇ ಹೊಟ್ಟೆ ತಿರುಚಲು ಶುರುವಾಯಿತು. ಕನ್ನಡ, ಇಂಗ್ಲಿಷ್ ಪೀರಿಯಡ್‌ನಲ್ಲಿ ಒಬ್ಬೊಬ್ಬರೇ ಎದ್ದು ಒಂದೊಂದು ಪ್ಯಾರಾ ಓದಬೇಕು. ನನ್ನ ಸರದಿಗೆ ಎಷ್ಟು ಜನ ಇದ್ದಾರೆ ಅಂತ ಎಣಿಸುತ್ತಾ ಕೈಯೆಲ್ಲ ಬೆವರುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಆಚೆ ಹೋಗುವುದು, ಪುಸ್ತಕ ಮರೆತೆ ಅನ್ನುವುದು, ಜ್ವರ ಅನ್ನುವುದು ಎಲ್ಲ ಕಲಿತೆ. ಮನೆಯಲ್ಲಿ ತಮ್ಮನ ಮೇಲೆ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ. ಟೆನ್ತ್ ಮುಗಿಸಿ ಓದು ಬಿಟ್ಟುಬಿಡುತ್ತೇನೆ ಅಂತ ಅಮ್ಮನಿಗೆ ಹೇಳಿಯೂ ಆಗಿತ್ತು.

ತಲೆನೋವಿಗೆ ಮದ್ದುಗಳು ಸಾಲಾಗಿ ನಡೆದವು. ಪಿತ್ತ ಅಂತ ಬೆಳಿಗ್ಗೆ ಬರೀಹೊಟ್ಟೆಗೆ ನಿಂಬೆಹಣ್ಣಿನ ನೀರು. ರಕ್ತ ಕಮ್ಮಿ ಅಂತ ಖರ್ಜೂರ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ ಹೇಗೂ ಇತ್ತು. ಆಸ್ಪತ್ರೆಯಲ್ಲಿ ಪ್ಯಾರಾಸಿಟಮಾಲ್. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಮನೆಯೆಲ್ಲ ಘಾಟು. ಕಣ್ಣಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಯಾಕೆ ಬರಬೇಕು? ಸಿಕ್ಸ್ ಬೈ ಸಿಕ್ಸ್ ಅಂತ ಆರೋಗ್ಯ ಕಾರ್ಡಿನಲ್ಲಿ ಬರೆದಿತ್ತಲ್ಲ.

2023ರ ದಸರಾ ರಜೆಗೆ ಹಾಸನಕ್ಕೆ ಚಿಕ್ಕಮ್ಮನ ಮನೆಗೆ ಹೋದೆ. ಸಾಲಗಾಮೆ ರಸ್ತೆಯ ಕಡೆ ಅವರ ಮನೆ. ಮುಂದಿನ ಕೋಣೆಯಲ್ಲೇ ಮಷೀನು ಹಾಕಿಕೊಂಡು ಬ್ಲೌಸ್ ಹೊಲಿಯುತ್ತಾರೆ. ಹಬ್ಬದ ಸೀಸನ್ನು, ಕೆಲಸ ಕೈತುಂಬ. ಹುಕ್ಕು ಹಾಕುವ ಕೆಲಸ ನನಗೆ ಕೊಟ್ಟು, ಸೂಜಿಗೆ ದಾರ ಪೋಣಿಸು ಅಂದರು. ಸೂಜಿಯನ್ನು ಮುಖದ ಹತ್ತಿರ ತಂದೆ. ಎಂದಿನಂತೆ ಎರಡಾಯಿತು.

"ಚಿಕ್ಕಮ್ಮ, ಯಾವ ಸೂಜಿಗೆ ಹಾಕ್ಲಿ?"

"ಒಂದೇ ಕಣೇ ಕೊಟ್ಟಿದ್ದು."

"ಒಂದೇ. ಆದ್ರೆ ಎರಡು ಕಾಣುತ್ತಲ್ಲ, ನೀವು ಯಾವುದಕ್ಕೆ ಹಾಕ್ತೀರಿ?"

ಚಿಕ್ಕಮ್ಮ ಮಷೀನು ನಿಲ್ಲಿಸಿದರು. ನಾನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದೆ. ಬಲಗಡೆಯದಕ್ಕೋ ಎಡಗಡೆಯದಕ್ಕೋ, ದರ್ಜಿಗಳಿಗೆ ಏನಾದರೂ ಲೆಕ್ಕ ಇರಬಹುದು ಅಂತ. ಅವರು ಎದ್ದು ಬಂದು, ನನ್ನ ಎಡಗಣ್ಣು ಮುಚ್ಚಿ "ಈಗ?" ಅಂದರು. ಒಂದೇ. ಕೈ ತೆಗೆದರು. ಎರಡು. ಆ ರಾತ್ರಿಯೇ ಅಮ್ಮನಿಗೆ ಫೋನ್ ಹೋಯಿತು.

ಅಮ್ಮ ಮೊದಲ ಬಸ್ಸಿಗೇ ಬಂದರು. ಮೂವರೂ ಹಾಸನದ ಒಂದು ಕಣ್ಣಾಸ್ಪತ್ರೆಗೆ ಹೋದೆವು. ಚೀಟಿ ಮಾಡಿಸಿದ ಮೇಲೆ ಮತ್ತೆ ಅದೇ ಚಾರ್ಟ್, ಮತ್ತೆ ಪೂರ್ತಿ ಅಂಕ. ಗಲ್ಲ ಇಟ್ಟು ನೋಡುವ ಮಷೀನಿನಲ್ಲಿ ಉದ್ದನೆ ರಸ್ತೆ, ರಸ್ತೆಯ ತುದಿಗೆ ಬಣ್ಣದ ಬಲೂನು. ಒಮ್ಮೆ ಮಸುಕು, ಒಮ್ಮೆ ಸ್ಪಷ್ಟ. ಆಮೇಲೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಬೆಂಚಿನಲ್ಲಿ ಕೂರಿಸಿದರು. ಉರಿ, ಕಣ್ಣೀರು, ಕಾಯುವುದು. ಒಳಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟ್ರು "ನಂಬರ್ ಏನೂ ಇಲ್ಲ, ನರ ಚೆನ್ನಾಗಿದೆ. ಮೊಬೈಲ್ ಕಮ್ಮಿ ಮಾಡ್ಸಿ" ಅಂದರು. ಅಮ್ಮ ಎದ್ದೇಬಿಟ್ಟರು. ಏಳದೆ ಕೂತವರು ಚಿಕ್ಕಮ್ಮ. "ಮೇಡಂ, ಹತ್ರ ತಂದ್ರೆ ಎರಡೆರಡು ಕಾಣುತ್ತೆ ಅಂತಾಳೆ. ಒಂದು ಕಣ್ಣು ಮುಚ್ಚಿದ್ರೆ ಸರಿ ಹೋಗುತ್ತೆ. ಅದನ್ನೂ ಬರ್ಕೊಳ್ಳಿ."

ಆ ಎರಡು ಮಾತಿಗೆ ಚೀಟಿಯ ದಾರಿಯೇ ಬದಲಾಯಿತು. ಪಕ್ಕದ ಕೋಣೆಯಲ್ಲಿ ನೋಟ ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ಹತ್ತಿರ ಕಳಿಸಿದರು. ಅವರು ನನ್ನ ಕಣ್ಣು ನೋಡಿ ಡ್ರಾಪ್ಸ್ ಹಾಕಿಬಿಟ್ಟಿದ್ದಾರಾ ಅಂತ ಪೇಚಾಡಿಕೊಂಡರು. ಎರಡು ಕಣ್ಣು ಜೊತೆಯಾಗಿ ಹೇಗೆ ಕೆಲಸ ಮಾಡುತ್ತವೆ ಅನ್ನುವ ಪರೀಕ್ಷೆಯನ್ನು ಡ್ರಾಪ್ಸ್ ಹಾಕುವ ಮೊದಲೇ ಮಾಡಬೇಕಂತೆ. ಹಾಕಿದ ಮೇಲೆ ಹತ್ತಿರದ್ದಕ್ಕೆ ಕಣ್ಣು ಹೊಂದಿಕೊಳ್ಳುವುದೇ ಇಲ್ಲ. ಇನ್ನೊಂದು ದಿನ ಬನ್ನಿ. ಅಮ್ಮನಿಗೆ ರೇಗಿತು. ಆ ವರ್ಷದ ಜೂನ್‌ನಿಂದ ಶಕ್ತಿ ಯೋಜನೆ ಬಂದು ಆಧಾರ್ ಕಾರ್ಡ್ ತೋರಿಸಿದರೆ ನಮಗೆ ಬಸ್ ಚಾರ್ಜ್ ಇರಲಿಲ್ಲ, ಸರಿ. ಆದರೆ ಅರೇಹಳ್ಳಿಯಿಂದ ಬೇಲೂರು, ಬೇಲೂರಿನಲ್ಲಿ ಬಸ್ ಬದಲಿಸಿ ಹಾಸನ, ಹೋಗಿ ಬರುವುದರಲ್ಲಿ ಇಡೀ ದಿನ ಮುಗಿದುಹೋಗುತ್ತದೆ. ದಿನದ ಕೂಲಿಯನ್ನು ಯಾವ ಯೋಜನೆ ಕೊಡುತ್ತದೆ?

ಆದರೂ ಹೋದೆವು. ಈ ಸಲ ಆಪ್ಟೋಮೆಟ್ರಿಸ್ಟ್ ಮೇಡಂ ಮೊದಲು ಒಂದು ಹಾಳೆ ತೆಗೆದು ಹದಿನೈದು ಪ್ರಶ್ನೆ ಕೇಳಿದರು. ಓದುವಾಗ ಕಣ್ಣು ದಣಿಯುತ್ತಾ? ನಿದ್ದೆ ಬರುತ್ತಾ? ಓದಿದ್ದು ನೆನಪಿರಲ್ವಾ? ಅಕ್ಷರ ಅಲ್ಲಾಡಿದ ಹಾಗೆ, ತೇಲಿದ ಹಾಗೆ ಆಗುತ್ತಾ? ಎಲ್ಲಿ ಓದುತ್ತಿದ್ದೆ ಅನ್ನೋದು ತಪ್ಪಿಹೋಗುತ್ತಾ? ಅದೇ ಸಾಲನ್ನು ಮತ್ತೆ ಓದುತ್ತೀಯಾ? ಯಾವಾಗಲೂ ಇಲ್ಲ ಅಂದರೆ ಸೊನ್ನೆ, ಯಾವಾಗಲೂ ಅಂದರೆ ನಾಲ್ಕು. ನನ್ನ ಸೋಮಾರಿತನದ ಪೂರ್ತಿ ಪಟ್ಟಿ ಯಾರೋ ಅಚ್ಚು ಹಾಕಿಸಿ ಇಟ್ಟಿದ್ದರು! ಪ್ರತಿ ಉತ್ತರಕ್ಕೂ ಅಮ್ಮನ ಮುಖ ನೋಡುತ್ತಿದ್ದೆ, ಅಮ್ಮ ನೆಲ ನೋಡುತ್ತಿದ್ದರು. ಮಕ್ಕಳಲ್ಲಿ ಒಟ್ಟು 16 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನಿಸಬೇಕು ಅಂತ ಲೆಕ್ಕ. ನನ್ನದು ಮೂವತ್ತು ದಾಟಿತು.

ಆಮೇಲೆ ಪೆನ್ನು. ಅದರ ತುದಿ ನೋಡುತ್ತಿರು, ಎರಡಾದ ತಕ್ಷಣ ಹೇಳು ಅಂತ ನಿಧಾನಕ್ಕೆ ಮೂಗಿನ ಕಡೆ ತಂದರು. ಹೆಚ್ಚಿನವರಿಗೆ ಐದಾರು ಸೆಂಟಿಮೀಟರ್ ಹತ್ತಿರ ಬರುವವರೆಗೂ ಒಂದಾಗಿಯೇ ಇರುತ್ತದೆ. ನನಗೆ ಒಂದು ಗೇಣು ದೂರದಲ್ಲೇ ಒಡೆಯಿತು. "ಅಮ್ಮ, ನೀವು ಬಂದು ಇವಳ ಎಡಗಣ್ಣು ನೋಡಿ" ಅಂತ ಕರೆದು ಮತ್ತೊಮ್ಮೆ ಪೆನ್ನು ತಂದರು. ಬಲಗಣ್ಣು ಪೆನ್ನನ್ನು ಹಿಂಬಾಲಿಸಿ ಒಳಕ್ಕೆ ತಿರುಗಿತು. ಎಡಗಣ್ಣು ಸ್ವಲ್ಪ ದೂರ ಬಂದು, ಬಿಟ್ಟುಕೊಟ್ಟು, ಹೊರಕ್ಕೆ ಜಾರಿತು. ಅಮ್ಮ "ಅಯ್ಯೋ" ಅಂದಿದ್ದು ಈಗಲೂ ಕಿವಿಯಲ್ಲಿದೆ. ಒಂದು ಕಣ್ಣು ಮುಚ್ಚಿ ತೆಗೆದು, ಪ್ರಿಸಂ ಇಟ್ಟು ಇನ್ನಷ್ಟು ಅಳತೆ ತೆಗೆದುಕೊಂಡರು. ಕನ್ವರ್ಜೆನ್ಸ್ ಇನ್ಸಫಿಷಿಯೆನ್ಸಿ ಅಂತ ಬರೆದರು, ಅಂದರೆ ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣೂ ಸಾಕಷ್ಟು ಒಳಕ್ಕೆ ತಿರುಗಿ ಸೇರುವುದಿಲ್ಲ.

ದೂರದ್ದನ್ನು ನೋಡುವಾಗ ಎರಡು ಕಣ್ಣೂ ಹೆಚ್ಚುಕಮ್ಮಿ ನೇರಕ್ಕೆ ಇರುತ್ತವೆ. ಪುಸ್ತಕವನ್ನು ಮೊಳದೂರದೊಳಗೆ ಹಿಡಿದಾಗ ಒಂದೊಂದು ಕಣ್ಣೂ ನಾಲ್ಕೈದು ಡಿಗ್ರಿ ಮೂಗಿನ ಕಡೆ ತಿರುಗಿ, ಓದುವಷ್ಟು ಹೊತ್ತೂ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಎರಡು ಚಿತ್ರ ಒಂದಾಗುವುದಿಲ್ಲ. ರಾತ್ರಿ ಅಪ್ಪನಿಗೆ ಇದನ್ನು ಹೇಳಿದಾಗ ಅವರು ಹೇಳಿದ್ದು: ಜೋಡೆತ್ತಿನಲ್ಲಿ ಒಂದು ಎತ್ತು ಆಚೆಗೆ ಎಳೆದರೆ ಸಾಲು ಹೇಗೆ ನೆಟ್ಟಗೆ ಬರುತ್ತೆ?

ಗೋಡೆಯ ಚಾರ್ಟ್ ನನ್ನನ್ನು ಯಾಕೆ ಹಿಡಿಯಲಿಲ್ಲ ಅನ್ನುವುದೂ ಆಗ ಗೊತ್ತಾಯಿತು. ನೆದರ್ಲೆಂಡ್ಸ್‌ನ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ಮಾಡಿದ ಆ ಚಾರ್ಟ್ ಕೇಳುವುದು ಒಂದೇ ಪ್ರಶ್ನೆ: ದೂರದ ಅಕ್ಷರ ಎಷ್ಟು ಸಣ್ಣದಿದ್ದರೂ ಕಾಣುತ್ತದೆ? ಗೆಳತಿಯ ತೊಂದರೆಗೆ ಅದು ಸರಿಯಾದ ಪ್ರಶ್ನೆ, ಹಾಗಾಗಿ ಅವಳಿಗೆ ಕನ್ನಡಕ ಸಿಕ್ಕಿತು. ನನ್ನ ತೊಂದರೆ ಬರುವುದು ಹತ್ತಿರದಲ್ಲಿ, ಎರಡೂ ಕಣ್ಣು ತೆರೆದಿರುವಾಗ, ಹತ್ತು ನಿಮಿಷ ಓದಿದ ಮೇಲೆ. ಆರು ಮೀಟರ್ ದೂರದಿಂದ, ಒಂದು ಕಣ್ಣು ಮುಚ್ಚಿಸಿ, ಅರ್ಧ ನಿಮಿಷ ಓದಿಸಿದರೆ ಅದು ಸಿಗುವುದಾದರೂ ಹೇಗೆ? ತಪಾಸಣೆಗೆ ಬಂದವರನ್ನು ನಾನು ದೂರುವುದಿಲ್ಲ. ಒಂದು ದಿನಕ್ಕೆ ನೂರಾರು ಮಕ್ಕಳನ್ನು ನೋಡುವವರು ಅವರು. ಆದರೆ ಸಿಕ್ಸ್ ಬೈ ಸಿಕ್ಸ್ ಬಂದ ಕೂಡಲೇ ಕಣ್ಣಿನ ಕಡತ ಮುಚ್ಚಿಬಿಡುತ್ತಾರಲ್ಲ, ಮನೆಯವರು, ಮೇಷ್ಟ್ರುಗಳು, ಒಮ್ಮೊಮ್ಮೆ ಡಾಕ್ಟ್ರುಗಳೂ, ಅದಕ್ಕೆ ನನ್ನ ತಕರಾರಿದೆ.

ಚಿಕಿತ್ಸೆ ಅಂದರೆ ಆಪರೇಷನ್ ಅಂತ ಅಜ್ಜಿ ಹೆದರಿದ್ದರು. ಬಂದಿದ್ದು ಒಂದು ದಾರ. ಮೂರು ಬಣ್ಣದ ಮಣಿ ಪೋಣಿಸಿದ ಉದ್ದನೆ ದಾರ, ಬ್ರಾಕ್ ಸ್ಟ್ರಿಂಗ್ ಅಂತ ಹೆಸರು. ಚಿಕ್ಕಮ್ಮ ಬ್ಲೌಸಿನ ಕುಚ್ಚಿಗೆ ಹಾಕುವ ಮಣಿಗಳಲ್ಲೇ ಮಾಡಿಕೊಟ್ಟರು. ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮೂಗಿನ ತುದಿಗೆ ಹಿಡಿದು, ಒಂದೊಂದೇ ಮಣಿಯನ್ನು ನೋಡಬೇಕು. ಕಣ್ಣುಗಳು ಸರಿಯಾಗಿ ಸೇರಿದರೆ ಮಣಿ ಒಂದೇ ಕಾಣುತ್ತದೆ, ದಾರ ಮಾತ್ರ ಎರಡಾಗಿ ಮಣಿಯ ಹತ್ತಿರ ಒಂದನ್ನೊಂದು ದಾಟುತ್ತದೆ. ಅಪ್ಪ ಒಂದು ಸಂಜೆ ತಾವೂ ಮೂಗಿಗೆ ಹಿಡಿದು "ಎರಡು ದಾರ ಕಾಣ್ತಾವಲ್ಲೇ, ನನಗೂ ಬಂತಾ?" ಅಂತ ಗಾಬರಿಯಾದರು. ಎರಡು ಕಂಡರೇ ಸರಿ ಅಂತ ವಿವರಿಸಿದೆ. ಅಪ್ಪನಿಗೆ ನಾನು ಏನನ್ನಾದರೂ ಹೇಳಿಕೊಟ್ಟಿದ್ದು ಅದೇ ಮೊದಲು. ಅಂದಿನಿಂದ ಮಣಿ ಎಷ್ಟು ಸೆಂಟಿಮೀಟರಿನಲ್ಲಿದೆ ಅಂತ ಸ್ಕೇಲಿಟ್ಟು ಅಳೆದು, ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದ ಹಾಳೆಯಲ್ಲಿ ಬರೆಯುವ ಕೆಲಸ ಅವರದಾಯಿತು.

ಇದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಮೊದಲು ತಲೆನೋವು ಇನ್ನೂ ಜಾಸ್ತಿಯಾಯಿತು. ಹತ್ತಿರದ ಮಣಿ ಒಂದಾಗುವಷ್ಟರಲ್ಲಿ ಕಣ್ಣಲ್ಲಿ ನೀರು. ಬರೀ ಮನೆಯಲ್ಲಿ ಮಾಡಿದರೆ ಸಾಲದಾ, ಪ್ರತಿ ವಾರ ಹಾಸನಕ್ಕೆ ಯಾಕೆ ಬರಬೇಕು ಅಂತ ಅಮ್ಮ ಕೇಳಿದರು. ಕಾಫಿ ಕೊಯ್ಲು ಹತ್ತಿರ ಬರುತ್ತಿತ್ತು. ಮೇಡಂ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದ ಲೆಕ್ಕ ಹೇಳಿದರು, 2008ರಲ್ಲಿ ಪ್ರಕಟವಾದದ್ದು. 9ರಿಂದ 17 ವರ್ಷದ 221 ಮಕ್ಕಳು, 12 ವಾರ. ಕ್ಲಿನಿಕ್ಕಿಗೂ ಬಂದು ಮನೆಯಲ್ಲೂ ಮಾಡಿದವರಲ್ಲಿ ಶೇ. 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಬರೀ ಪೆನ್ಸಿಲನ್ನು ಮೂಗಿನ ಹತ್ತಿರ ತರುವ ವ್ಯಾಯಾಮ ಮಾಡಿದವರಲ್ಲಿ ಶೇ. 43. ಅಮ್ಮನಿಗೆ ಲೆಕ್ಕ ಒಪ್ಪಿಗೆಯಾಯಿತು. ಕೊಯ್ಲಿನ ಸಮಯದಲ್ಲಿ ಚಿಕ್ಕಮ್ಮ ಆಸ್ಪತ್ರೆಗೆ ಬಂದು ನಿಲ್ಲುತ್ತಿದ್ದರು, ನಾನೊಬ್ಬಳೇ ಬಸ್ಸಿನಲ್ಲಿ ಹೋಗುತ್ತಿದ್ದೆ.

ಮೇಡಂ ಶಾಲೆಗೊಂದು ಪತ್ರ ಕೊಟ್ಟರು: ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಲು ಬಿಡಿ, ಸಾಧ್ಯವಾದರೆ ದೊಡ್ಡಕ್ಷರದ ಜೆರಾಕ್ಸ್ ಕೊಡಿ, ಸದ್ಯಕ್ಕೆ ಜೋರಾಗಿ ಓದಿಸಬೇಡಿ. ಒಬ್ಬ ಮೇಷ್ಟ್ರು "ಸಿಕ್ಸ್ ಬೈ ಸಿಕ್ಸ್ ಇದ್ದಮೇಲೆ ಇನ್ನೆಂಥದ್ದು ಕಾಯಿಲೆ" ಅಂತ ಪತ್ರ ಮಡಚಿಟ್ಟರು. ಕನ್ನಡ ಮಿಸ್ ಮಾತ್ರ ಮಾರನೇ ದಿನವೇ ಪಾಠವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ತಂದರು, ಸ್ವಂತ ದುಡ್ಡಿನಲ್ಲಿ.

ಮೂರು ತಿಂಗಳು ಕಳೆಯುವ ಹೊತ್ತಿಗೆ ಪೆನ್ನು ಏಳು ಸೆಂಟಿಮೀಟರಿಗೆ ಬಂದರೂ ಒಂದಾಗಿಯೇ ಇರುತ್ತಿತ್ತು. ಮೊದಲು ಹೋಗಿದ್ದು ಬೆಳಗಿನ ಹೊಟ್ಟೆನೋವು, ಆಮೇಲೆ ತಲೆನೋವು. ಅಂಕಗಳು ಜಿಗಿಯಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಣ್ಣು ಸರಿಯಾದ ಕೂಡಲೇ ರ‍್ಯಾಂಕ್ ಬರುತ್ತದೆ ಅಂತ ನೆಂಟರೆಲ್ಲ ಕಾದಿದ್ದರು. 2019ರಲ್ಲಿ ಬಂದ ಇನ್ನೊಂದು ಅಮೆರಿಕದ ಅಧ್ಯಯನದಲ್ಲೂ ಹಾಗೇ ಆಗಿದೆ: ಕಣ್ಣಿನ ಚಿಕಿತ್ಸೆ ಪಡೆದ ಮಕ್ಕಳ ಓದಿನ ಅಂಕ, ಹೆಸರಿಗೆ ಮಾತ್ರ ಚಿಕಿತ್ಸೆ ಪಡೆದ ಮಕ್ಕಳಿಗಿಂತ ಹೆಚ್ಚೇನೂ ಏರಲಿಲ್ಲ. ನನ್ನ ಅನುಭವಕ್ಕೆ ಅದರಲ್ಲಿ ಆಶ್ಚರ್ಯವಿಲ್ಲ. ವರ್ಷಗಟ್ಟಲೆ ಪುಸ್ತಕ ತಪ್ಪಿಸಿಕೊಂಡು ತಿರುಗಿದವಳಿಗೆ ಸಾಲು ನಿಂತಮೇಲೆ ಓದುವ ಅಭ್ಯಾಸವನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ಬಿಟ್ಟುಹೋದ ಗಣಿತವನ್ನು ಏಳನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಿದೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ ಹದಿನೈದು ನಿಮಿಷದಲ್ಲಿ ಮೊದಲಿಂದ ಕೊನೆಯವರೆಗೆ ಎಲ್ಲ ಪ್ರಶ್ನೆ ಓದಿ ಮುಗಿಸಿದೆ. ಫಸ್ಟ್ ಕ್ಲಾಸ್ ಬಂತು. ಅಪ್ಪ ಮಾರ್ಕ್ಸ್ ಕಾರ್ಡನ್ನು ಕೂಡಿ ನೋಡಿ, ಟೋಟಲ್ ಸರಿಯಿದೆ ಅಂದರು.

ಈಗ ವಿಷಯ ಊರಿಗೆಲ್ಲ ಗೊತ್ತು. ಕನ್ನಡಕ ಬಿಡಿಸುವ ಎಕ್ಸರ್‌ಸೈಜ್ ಹೇಳಿಕೊಡು ಅಂತ ಬರುತ್ತಾರೆ. ಈ ದಾರದಿಂದ ಯಾರ ನಂಬರೂ ಇಳಿಯುವುದಿಲ್ಲ. ದೂರದ್ದು ಕಾಣದವರಿಗೆ ಕನ್ನಡಕವೇ ಬೇಕು. ಓದಲು ಕಲಿಯುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಇರುವ ಮಗುವಿಗೂ ಇದು ಮದ್ದಲ್ಲ, ಅದು ಮೆದುಳು ಭಾಷೆಯನ್ನು ನಿಭಾಯಿಸುವ ವಿಷಯ. ಇದ್ದಕ್ಕಿದ್ದಂತೆ ಒಂದು ದಿನ ಎರಡೆರಡು ಕಾಣಲು ಶುರುವಾದರೆ ದಾರ ಹುಡುಕುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಓಡಬೇಕು, ಅದಕ್ಕೆ ಬೇರೆ ದೊಡ್ಡ ಕಾರಣಗಳಿರಬಹುದು. ನನ್ನ ಹಾಗೆ ಓದುವಾಗ ಮಾತ್ರ ಆಗುವವರನ್ನು ಕರೆದುಕೊಂಡು ಹೋಗುವುದಾದರೆ, ಚೀಟಿ ಮಾಡಿಸುವಾಗಲೇ "ಓದುವಾಗ ಎರಡು ಕಾಣುತ್ತೆ, ಡ್ರಾಪ್ಸ್ ಹಾಕುವ ಮೊದಲು ಎರಡೂ ಕಣ್ಣನ್ನು ಜೊತೆಗೆ ನೋಡಿ" ಅಂತ ಹೇಳಿಬಿಡಿ. ಒಂದು ದಿನದ ಕೂಲಿ ಉಳಿಯುತ್ತದೆ.

ನಾನೀಗ ಹಾಸನದಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದು ಸೆಕೆಂಡ್ ಪಿಯು ಓದುತ್ತಿದ್ದೇನೆ. ಸೈನ್ಸ್. ಓದು ಹೆಚ್ಚಾದಮೇಲೆ ಹುಬ್ಬಿನ ನಡುವಿನ ಎಳೆತ ಮತ್ತೆ ಶುರುವಾಗಿತ್ತು. ಹೋಗಿ ತೋರಿಸಿದೆ. ಪೆನ್ನು ಹತ್ತು ಸೆಂಟಿಮೀಟರಿಗೆ ಹಿಂದೆ ಸರಿದಿತ್ತು. ಕೆಲವರಿಗೆ ಹೀಗಾಗುತ್ತದೆ, ಮತ್ತೆ ಕೆಲವು ವಾರ ಮಾಡು ಅಂದರು. ಹಳೇ ದಾರದಲ್ಲಿ ಹಸಿರು ಮಣಿ ಒಡೆದಿತ್ತು. ಚಿಕ್ಕಮ್ಮನ ಡಬ್ಬಿಯಲ್ಲಿ ಹಸಿರು ಖಾಲಿ, ಗಿರಾಕಿಯೊಬ್ಬರ ರೇಷ್ಮೆ ಬ್ಲೌಸಿಗೆ ತಂದಿದ್ದ ಗುಲಾಬಿ ಮಣಿಯಲ್ಲಿ ಒಂದು ಕದ್ದು ಪೋಣಿಸಿಕೊಂಡೆ.